ಜಿಬಿ ಒಂದನ್ನೇ ನೋಡಿ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಡಿ

ಬೆಳಗಾವಿಯಲ್ಲಾಗಲಿ ವಿಜಯಪುರದಲ್ಲಾಗಲಿ, ಗ್ರಾಫಿಕ್ಸ್ ಕಾರ್ಡಿನ ವ್ಯಾಪಾರ ಶುರುವಾಗುವುದೇ "ಎಷ್ಟ್ ಜಿಬಿದ್ ಬೇಕ್ರಿ?" ಎಂಬ ಮಾತಿನಿಂದ. ಎರಡಕ್ಕಿಂತ ನಾಲ್ಕು ಮೇಲು, ನಾಲ್ಕಕ್ಕಿಂತ ಎಂಟು ಮೇಲು ಎಂಬ ಲೆಕ್ಕ ಕೇಳಲು ಸರಿಯಾಗಿಯೇ ಇದೆ. ಆದರೆ ಎನ್‌ವಿಡಿಯಾದ ಜಿಟಿ 1030 ಕಾರ್ಡನ್ನೇ ನೋಡಿ. ಒಂದೇ ಹೆಸರಿನಲ್ಲಿ ಎರಡು ಬಗೆ ಬಂದಿವೆ, ಎರಡರಲ್ಲೂ 2 ಜಿಬಿ. ಒಂದರಲ್ಲಿ ಜಿಡಿಡಿಆರ್5 ಮೆಮೊರಿ. ಅದು ಸೆಕೆಂಡಿಗೆ 48 ಜಿಬಿ ಡೇಟಾ ಸಾಗಿಸುತ್ತದೆ. ಇನ್ನೊಂದರಲ್ಲಿ ಡಿಡಿಆರ್4, ಅದರ ವೇಗ ಸೆಕೆಂಡಿಗೆ 16.8 ಜಿಬಿ ಮಾತ್ರ, ಅಂದರೆ ಮೂರನೇ ಒಂದು ಭಾಗದಷ್ಟು. ಹೆಸರು ಒಂದೇ, ಜಿಬಿ ಒಂದೇ, ಗೇಮ್ ಹಾಕಿದಾಗ ಮಾತ್ರ ಎರಡು ಬೇರೆ ಬೇರೆ ಕಾರ್ಡು. ವ್ಯತ್ಯಾಸ ಬರೆದಿರುವುದು ಪೆಟ್ಟಿಗೆಯ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ.

ಆ ಸಣ್ಣ ಅಕ್ಷರಗಳನ್ನು ಓದುವುದು ಹೇಗೆ, ಯಾವುದಕ್ಕೆ ಬೆಲೆ ಕೊಡಬೇಕು, ಯಾವುದನ್ನು ಜಾಹೀರಾತೆಂದು ಬಿಟ್ಟುಬಿಡಬೇಕು ಎಂಬುದೇ ಈ ಬರಹ. ರೂಪಾಯಿ ಲೆಕ್ಕ ಇಲ್ಲಿಲ್ಲ. ಕಾರ್ಡುಗಳ ದರ ತಿಂಗಳೊಪ್ಪತ್ತಿನಲ್ಲಿ ಏರುಪೇರಾಗುತ್ತದೆ. ಅಂಗಡಿಗೆ ಹೋಗುವ ದಿನವೇ ಆನ್‌ಲೈನ್ ದರವನ್ನೂ ನೋಡಿಕೊಂಡು ಹೋಗಿ.

ಮೊದಲು ಕ್ಯಾಬಿನೆಟ್ ಬಿಚ್ಚಿ

ಕಾರ್ಡಿನ ಸ್ಪೆಸಿಫಿಕೇಶನ್‌ಗಿಂತ ಮೊದಲು ನಿಮ್ಮ ಕಂಪ್ಯೂಟರಿನದನ್ನು ಓದಬೇಕು. ಪಟ್ಟಿಯಲ್ಲಿರುವ ಅರ್ಧ ಕಾರ್ಡುಗಳು ಅಲ್ಲೇ ಉದುರಿಹೋಗುತ್ತವೆ.

ಶುರು ಮಾಡಬೇಕಾದದ್ದು ಪವರ್ ಸಪ್ಲೈಯಿಂದ, ಅಂದರೆ ಎಲ್ಲರೂ ಎಸ್‌ಎಂಪಿಎಸ್ ಎನ್ನುವ ಡಬ್ಬಿಯಿಂದ. ಅದರ ಮೈಮೇಲೆ ದಪ್ಪಕ್ಷರದಲ್ಲಿ 450 ಎಂದಿದ್ದರೆ ಸಾಲದು. ಪಕ್ಕದ ಸ್ಟಿಕ್ಕರಿನಲ್ಲಿ +12ವಿ ಎಂಬ ಕಾಲಮ್ ಹುಡುಕಿ, ಅದರ ಕೆಳಗಿನ ಆಂಪಿಯರ್ ಸಂಖ್ಯೆಯನ್ನು 12ರಿಂದ ಗುಣಿಸಿ. 16 ಆಂಪಿಯರ್ ಇದ್ದರೆ 192 ವ್ಯಾಟ್. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಹೆಚ್ಚು ಕಡಿಮೆ ಇದೇ ಸಾಲಿನಿಂದ ಉಣ್ಣುತ್ತವೆ. ಕ್ಯಾಬಿನೆಟ್ ಜೊತೆಗೆ 'ಫ್ರೀ' ಬರುವ ಎಸ್‌ಎಂಪಿಎಸ್‌ಗಳಲ್ಲಿ ಈ ಸಂಖ್ಯೆಯೇ ಬಡಕಲು. ಅಂಥದ್ದಕ್ಕೆ 170 ವ್ಯಾಟಿನ ಕಾರ್ಡ್ ಹಾಕಿದರೆ ಡೆಸ್ಕ್‌ಟಾಪ್ ಚೆನ್ನಾಗಿಯೇ ತೆರೆದುಕೊಳ್ಳುತ್ತದೆ, ವಿಡಿಯೊ ನೋಡಿದರೂ ಏನೂ ಆಗುವುದಿಲ್ಲ. ಗೇಮ್ ಅಥವಾ ರೆಂಡರ್ ಶುರುವಾದ ಹತ್ತು ನಿಮಿಷಕ್ಕೆ ಕಂಪ್ಯೂಟರ್ ತನ್ನಷ್ಟಕ್ಕೆ ರೀಸ್ಟಾರ್ಟ್. ಆಗ ಜನ ಬೈಯುವುದು ಕಾರ್ಡಿಗೆ, ಕೆಲವರು ವಿಂಡೋಸ್ ಕೂಡ ಮತ್ತೆ ಹಾಕಿಸುತ್ತಾರೆ. ತಪ್ಪು ಇರುವುದು ಆ ಡಬ್ಬಿಯಲ್ಲಿ.

ಮದರ್‌ಬೋರ್ಡಿನ ಪಿಸಿಐಇ ಸ್ಲಾಟ್ (ಕಾರ್ಡ್ ಕೂರುವ ಉದ್ದ ಸಂದಿ) ಹೆಚ್ಚೆಂದರೆ 75 ವ್ಯಾಟ್ ಕೊಡಬಲ್ಲದು. 6 ಪಿನ್ನಿನ ಕೇಬಲ್ ಇನ್ನೊಂದು 75, 8 ಪಿನ್ನಿನದು 150. ಆದ್ದರಿಂದ 75 ವ್ಯಾಟಿನೊಳಗಿನ ಕಾರ್ಡುಗಳಿಗೆ ಸಾಮಾನ್ಯವಾಗಿ ಬೇರೆ ಕೇಬಲ್ ಬೇಕಿಲ್ಲ. ಅದಕ್ಕಿಂತ ಮೇಲಿನದಕ್ಕೆ ಎಸ್‌ಎಂಪಿಎಸ್‌ನಲ್ಲೇ 6+2 ಪಿನ್ನಿನ ಕೇಬಲ್ ಇರಬೇಕು. ಇಲ್ಲದಿದ್ದರೆ ಸಾಟಾದಿಂದ 6 ಪಿನ್ನಿಗೆ ಬದಲಿಸುವ ಅಗ್ಗದ ಕೇಬಲ್ ಕೊಡುತ್ತಾರೆ, ಅದನ್ನು ತೆಗೆದುಕೊಳ್ಳಬೇಡಿ. ಸಾಟಾ ಕನೆಕ್ಟರಿನ 12 ವೋಲ್ಟ್ ಸಾಲಿನ ಮಿತಿ 4.5 ಆಂಪಿಯರ್, ಅಂದರೆ 54 ವ್ಯಾಟ್. ಅದರಿಂದ 75 ಎಳೆದರೆ ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿಯೂ ಹತ್ತಬಹುದು. ಇನ್ನೊಂದು ಮಾತು: ಪ್ರೊಸೆಸರಿಗೆ ಹೋಗುವ 4+4 ಪಿನ್ನಿನ ಕೇಬಲ್ ಕೂಡ 8 ಪಿನ್ನಿನದೇ, ಆದರೆ ಅದರ ವೈರಿಂಗ್ ಉಲ್ಟಾ. ಒತ್ತಿ ತುರುಕಿದರೆ ಶಾರ್ಟ್ ಆಗುತ್ತದೆ.

ಕಂಪನಿಗಳು ತೆಗೆದುಹಾಕಿದ ಸೆಕೆಂಡ್ ಹ್ಯಾಂಡ್ ಆಫೀಸ್ ಡೆಸ್ಕ್‌ಟಾಪ್‌ಗಳು ನಮ್ಮ ಕಡೆ ಬಹಳ ಓಡುತ್ತವೆ. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್‌ಗಳ ತೆಳು ಮಾದರಿ ನಿಮ್ಮಲ್ಲಿದ್ದರೆ ಆಯ್ಕೆ ಬಹಳ ಕಿರಿದು. ಅದರಲ್ಲಿ ಕೂರುವುದು ಲೋ ಪ್ರೊಫೈಲ್ ಕಾರ್ಡ್, ಅಂದರೆ ಅರ್ಧ ಎತ್ತರದ್ದು, ಅದಕ್ಕೆ ಹೊಂದುವ ಗಿಡ್ಡ ಪಟ್ಟಿಯೂ ಪೆಟ್ಟಿಗೆಯಲ್ಲಿರಬೇಕು. ಎಸ್‌ಎಂಪಿಎಸ್ 240, 255 ವ್ಯಾಟಿನದು. ಮದರ್‌ಬೋರ್ಡಿನ ಪವರ್ ಕನೆಕ್ಟರೂ ಹಲವು ಮಾದರಿಗಳಲ್ಲಿ ಆ ಕಂಪನಿಯ ಸ್ವಂತದ್ದು, ಪೇಟೆಯ ಎಸ್‌ಎಂಪಿಎಸ್ ನೇರ ಹೊಂದುವುದಿಲ್ಲ. ಕೆಲವು ಮಾದರಿಗಳ ಮ್ಯಾನ್ಯುಯಲ್‌ನಲ್ಲಿ ಸ್ಲಾಟಿಗೆ 75 ವ್ಯಾಟಿಗಿಂತ ಕಡಿಮೆ ಮಿತಿ ಬರೆದಿರುತ್ತದೆ, ನೋಡಿಕೊಳ್ಳಿ. ಮಿತಿ ಇಲ್ಲದಿದ್ದರೆ ಆರ್‌ಟಿಎಕ್ಸ್ 3050ರ 6 ಜಿಬಿ ಲೋ ಪ್ರೊಫೈಲ್ ಮಾದರಿ ಇವಕ್ಕೆ ಸರಿಯಾದ ಜೋಡಿ: 70 ವ್ಯಾಟ್, ಬೇರೆ ಕೇಬಲ್ ಬೇಡ.

ಉದ್ದವನ್ನು ಟೇಪಿನಿಂದ ಅಳೆಯಿರಿ. ಹಿಂಬದಿಯ ಪಟ್ಟಿಯಿಂದ ಮುಂದಿನ ಹಾರ್ಡ್ ಡಿಸ್ಕ್ ಗೂಡಿನವರೆಗೆ ಎಷ್ಟು ಮಿಲಿಮೀಟರ್ ಎಂದು ಬರೆದುಕೊಂಡು ಹೋಗಿ. ಎರಡು ಫ್ಯಾನಿನ ಕಾರ್ಡ್ 200ರಿಂದ 250 ಮಿ.ಮೀ. ಇರುವುದು ಸಾಮಾನ್ಯ, ಮೂರು ಫ್ಯಾನಿನದು 300 ದಾಟಬಹುದು. ಮಾನಿಟರಿನ ಹಿಂದೆಯೂ ಒಮ್ಮೆ ಕಣ್ಣಾಡಿಸಿ. ನೀಲಿ ವಿಜಿಎ ಸಾಕೆಟ್ ಮಾತ್ರ ಇದ್ದರೆ ಈಗಿನ ಕಾರ್ಡುಗಳಿಗೆ ನೇರ ಜೋಡಿಸಲಾಗದು. ಚಿಪ್ ಇರುವ ಎಚ್‌ಡಿಎಂಐ-ವಿಜಿಎ ಪರಿವರ್ತಕ ಬೇಕು. ಬರೀ ಪಿನ್ ಬದಲಿಸುವ ಡಿವಿಐ-ವಿಜಿಎ ತುಂಡು ಕೆಲಸ ಮಾಡುವುದಿಲ್ಲ.

ಮೆಮೊರಿಯ ಮೂರು ಸಂಖ್ಯೆಗಳು

ಈಗ ಪೆಟ್ಟಿಗೆಯ ಹಿಂಬದಿ. ಮೆಮೊರಿಗೆ ಸಂಬಂಧಿಸಿ ಮೂರು ಸಂಗತಿ ಬರೆದಿರುತ್ತಾರೆ: ಎಷ್ಟು ಜಿಬಿ, ಯಾವ ಬಗೆಯದು (ಅದರ ವೇಗ), ಎಷ್ಟು ಬಿಟ್ ಬಸ್ (ಡೇಟಾ ದಾರಿಯ ಅಗಲ). ಕೊನೆಯ ಎರಡು ಸೇರಿ ಬ್ಯಾಂಡ್‌ವಿಡ್ತ್ ಆಗುತ್ತದೆ, ಅಂದರೆ ಸೆಕೆಂಡಿಗೆ ಎಷ್ಟು ಡೇಟಾ ಚಿಪ್ಪಿಗೂ ಮೆಮೊರಿಗೂ ನಡುವೆ ಸಾಗುತ್ತದೆ ಎಂಬುದು. ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಅಂಗಳ ಎಷ್ಟೇ ವಿಶಾಲವಿರಲಿ, ತೂಕದ ಕಾಟಾ ಒಂದೇ ಇದ್ದರೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಕರಗುವುದಿಲ್ಲ. ಜಿಬಿ ಎಂದರೆ ಅಂಗಳ, ಬ್ಯಾಂಡ್‌ವಿಡ್ತ್ ಎಂದರೆ ಕಾಟಾ.

ಲೆಕ್ಕ ಸುಲಭ. ಬಸ್ಸಿನ ಬಿಟ್ ಸಂಖ್ಯೆಯನ್ನು 8ರಿಂದ ಭಾಗಿಸಿ, ಮೆಮೊರಿಯ ಜಿಬಿಪಿಎಸ್ (ಸೆಕೆಂಡಿಗೆ ಗಿಗಾಬಿಟ್) ವೇಗದಿಂದ ಗುಣಿಸಿ. ಆರ್‌ಟಿಎಕ್ಸ್ 3060ರ 12 ಜಿಬಿ ಮಾದರಿಯದು 192 ಬಿಟ್, 15 ಜಿಬಿಪಿಎಸ್: 24ನ್ನು 15ರಿಂದ ಗುಣಿಸಿದರೆ 360 ಜಿಬಿ. ಅದೇ ಹೆಸರಿನ 8 ಜಿಬಿ ಮಾದರಿಯದು 128 ಬಿಟ್: 16 ಗುಣಿಸು 15, ಅಂದರೆ 240. ನಾಲ್ಕು ಜಿಬಿ ಕಡಿಮೆಯಷ್ಟೇ ಎಂದುಕೊಂಡು ಎರಡನೆಯದನ್ನು ಕೊಂಡವರು ವೇಗದಲ್ಲೂ ಮೂರನೇ ಒಂದು ಭಾಗ ಬಿಟ್ಟುಕೊಟ್ಟಿರುತ್ತಾರೆ. ಆರ್‌ಟಿಎಕ್ಸ್ 3050 ಇದಕ್ಕಿಂತಲೂ ತೊಡಕಿನದು. 8 ಜಿಬಿಯದರಲ್ಲಿ 2560 ಕೋರ್ (ಲೆಕ್ಕ ಮಾಡುವ ಘಟಕ), 224 ಜಿಬಿ ಬ್ಯಾಂಡ್‌ವಿಡ್ತ್. 6 ಜಿಬಿಯದರಲ್ಲಿ 2304 ಕೋರ್, 168 ಜಿಬಿ. ಚಿಪ್ಪಿನ ಶಕ್ತಿಯೇ ಬೇರೆ, ಹೆಸರು ಮಾತ್ರ ಒಂದು.

ಪೇಟೆಯಲ್ಲೂ ಸೆಕೆಂಡ್ ಹ್ಯಾಂಡಿನಲ್ಲೂ ಸಿಗುವ ಕೆಲವನ್ನು ಪಕ್ಕಪಕ್ಕ ಇಟ್ಟರೆ ಹೀಗೆ. ಬ್ಯಾಂಡ್‌ವಿಡ್ತ್ ಸೆಕೆಂಡಿಗೆ ಜಿಬಿ ಲೆಕ್ಕದಲ್ಲಿದೆ. ಪಿಸಿಐಇ ಕಾಲಮಿನಲ್ಲಿ 4.0 ಎಂದರೆ ಆವೃತ್ತಿ, ಎಕ್ಸ್8 ಎಂದರೆ ಎಂಟು ಲೇನ್, ಅಂದರೆ ಡೇಟಾ ಸಾಗುವ ಎಂಟು ಗೆರೆ. ಜಿಟಿಎಕ್ಸ್, ಆರ್‌ಟಿಎಕ್ಸ್ ಎನ್‌ವಿಡಿಯಾದವು, ಆರ್‌ಎಕ್ಸ್ ಎಎಂಡಿಯವು, ಆರ್ಕ್ ಇಂಟೆಲ್‌ನದು.

| ಕಾರ್ಡ್ | ಮೆಮೊರಿ | ಬಸ್ | ಬ್ಯಾಂಡ್‌ವಿಡ್ತ್ | ಪಿಸಿಐಇ | ವ್ಯಾಟ್ |
|---|---|---|---|---|---|
| ಆರ್‌ಎಕ್ಸ್ 6400 | 4 ಜಿಬಿ | 64 ಬಿಟ್ | 128 | 4.0 ಎಕ್ಸ್4 | 53 |
| ಜಿಟಿಎಕ್ಸ್ 1650 (ಜಿಡಿಡಿಆರ್5) | 4 ಜಿಬಿ | 128 ಬಿಟ್ | 128 | 3.0 ಎಕ್ಸ್16 | 75 |
| ಆರ್‌ಟಿಎಕ್ಸ್ 3050 | 6 ಜಿಬಿ | 96 ಬಿಟ್ | 168 | 4.0 ಎಕ್ಸ್8 | 70 |
| ಆರ್‌ಎಕ್ಸ್ 6600 | 8 ಜಿಬಿ | 128 ಬಿಟ್ | 224 | 4.0 ಎಕ್ಸ್8 | 132 |
| ಆರ್‌ಟಿಎಕ್ಸ್ 3060 | 12 ಜಿಬಿ | 192 ಬಿಟ್ | 360 | 4.0 ಎಕ್ಸ್16 | 170 |
| ಆರ್‌ಟಿಎಕ್ಸ್ 4060 | 8 ಜಿಬಿ | 128 ಬಿಟ್ | 272 | 4.0 ಎಕ್ಸ್8 | 115 |
| ಆರ್ಕ್ ಬಿ580 | 12 ಜಿಬಿ | 192 ಬಿಟ್ | 456 | 4.0 ಎಕ್ಸ್8 | 190 |
| ಆರ್‌ಟಿಎಕ್ಸ್ 5060 | 8 ಜಿಬಿ | 128 ಬಿಟ್ | 448 | 5.0 ಎಕ್ಸ್8 | 145 |
| ಆರ್‌ಎಕ್ಸ್ 9060 ಎಕ್ಸ್‌ಟಿ | 16 ಜಿಬಿ | 128 ಬಿಟ್ | 320 | 5.0 ಎಕ್ಸ್16 | 160 |

ಪಟ್ಟಿ ನೋಡಿದ ಕೂಡಲೇ ಒಂದು ಪ್ರಶ್ನೆ ಏಳಬೇಕು. 4060ರ ಬ್ಯಾಂಡ್‌ವಿಡ್ತ್ 3060ಕ್ಕಿಂತ ಕಡಿಮೆ, ಕೋರ್ ಕೂಡ ಕಡಿಮೆ (3072, ಇನ್ನೊಂದರಲ್ಲಿ 3584), ಆದರೂ ಬಹುಪಾಲು ಗೇಮ್‌ಗಳಲ್ಲಿ 4060 ಮುಂದೆ ಹೋಗುತ್ತದೆ. ಕಾರಣ ಎರಡು: ಅದರ ಚಿಪ್ ಹೆಚ್ಚಿನ ವೇಗದಲ್ಲಿ ಓಡುತ್ತದೆ, ಮತ್ತು ಚಿಪ್ಪಿನೊಳಗಿನ ಎಲ್2 ಕ್ಯಾಶ್ (ಅತಿ ವೇಗದ ಚಿಕ್ಕ ಮೆಮೊರಿ) 3 ಎಂಬಿಯಿಂದ 24 ಎಂಬಿಗೆ ಏರಿದೆ. ಬೇಕಾದದ್ದು ಒಳಗೇ ಸಿಕ್ಕರೆ ಮೆಮೊರಿಯವರೆಗೆ ಹೋಗುವ ಪ್ರಮೇಯ ಕಡಿಮೆ. ಎಎಂಡಿಯ ಇನ್ಫಿನಿಟಿ ಕ್ಯಾಶ್ ಕೂಡ ಇದೇ ಉಪಾಯ, ಆರ್‌ಎಕ್ಸ್ 6600ರಲ್ಲಿ ಅದು 32 ಎಂಬಿ. ಹೀಗಾಗಿ ಬ್ಯಾಂಡ್‌ವಿಡ್ತನ್ನೂ ಒಂದೇ ತಲೆಮಾರಿನ ಕಾರ್ಡುಗಳ ನಡುವೆ ಹೋಲಿಸಿದರೆ ಮಾತ್ರ ನ್ಯಾಯ.

ಹಾಗಿದ್ದರೆ ಜಿಬಿ ಲೆಕ್ಕಕ್ಕೇ ಇಲ್ಲವೇ? ಇದೆ, ಆದರೆ ಅದರ ಸ್ವಭಾವ ಬೇರೆ. ಸಾಕಾಗುವವರೆಗೆ ಹೆಚ್ಚಿನ ಜಿಬಿಯಿಂದ ಏನೂ ಲಾಭವಿಲ್ಲ. ಸಾಕಾಗದೆ ಹೋದ ಗಳಿಗೆಯಲ್ಲಿ ಎಲ್ಲವೂ ಮುಗ್ಗರಿಸುತ್ತದೆ. ಕಾರ್ಡಿನ ಮೆಮೊರಿ ತುಂಬಿದಾಗ ಉಳಿದದ್ದನ್ನು ಕಂಪ್ಯೂಟರಿನ ರ‍್ಯಾಮ್‌ನಲ್ಲಿಟ್ಟು ಪಿಸಿಐಇ ದಾರಿಯಿಂದ ತರಿಸಿಕೊಳ್ಳಬೇಕು. 3.0 ಎಕ್ಸ್8 ದಾರಿಯಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿ ಬರುತ್ತದೆ. 272 ಎಲ್ಲಿ, 8 ಎಲ್ಲಿ! ಗೇಮಿನಲ್ಲಿ ಸರಾಸರಿ ಫ್ರೇಮ್ ಸಂಖ್ಯೆ ಚೆನ್ನಾಗಿಯೇ ಕಂಡು, ತಿರುವಿನಲ್ಲಿ ಮಾತ್ರ ಚಿತ್ರ ಅರೆಕ್ಷಣ ನಿಂತುಹೋಗುವುದು ಇದರಿಂದ. 1080ಪಿ ಮಾನಿಟರಿನಲ್ಲಿ ಹೊಸ ದೊಡ್ಡ ಗೇಮ್‌ಗಳಿಗೆ 8 ಜಿಬಿ ಈಗ ಕನಿಷ್ಠವೆನ್ನಬೇಕು. ಟೆಕ್ಸ್ಚರ್ ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಲು ಒಪ್ಪದವರು, 1440ಪಿ ಮಾನಿಟರ್ ಇರುವವರು, ಐದು ವರ್ಷ ಇದೇ ಕಾರ್ಡಿನಲ್ಲಿ ಕಳೆಯಬೇಕೆನ್ನುವವರು 12 ಅಥವಾ 16 ನೋಡಲಿ.

ಕೋರ್, ಗಿಗಾಹರ್ಟ್ಸ್, ಮತ್ತು ಲೇನ್

ಕೋರ್ ಸಂಖ್ಯೆಯನ್ನು ಕಂಪನಿಯಿಂದ ಕಂಪನಿಗೆ ಹೋಲಿಸಬೇಡಿ. ಎನ್‌ವಿಡಿಯಾದ ಕುಡಾ ಕೋರೂ ಎಎಂಡಿಯ ಸ್ಟ್ರೀಮ್ ಪ್ರೊಸೆಸರೂ ಬೇರೆ ಅಳತೆ. 1792 ಇರುವ ಆರ್‌ಎಕ್ಸ್ 6600, 2560 ಇರುವ ಆರ್‌ಟಿಎಕ್ಸ್ 3050ನ್ನು ಸಾಮಾನ್ಯ ಗೇಮ್‌ಗಳಲ್ಲಿ ಆರಾಮಾಗಿ ಹಿಂದೆ ಹಾಕುತ್ತದೆ. ಒಂದೇ ತಲೆಮಾರಿನ ಎರಡು ಕಾರ್ಡುಗಳ ನಡುವೆಯಾದರೆ ಕೋರ್ ಸಂಖ್ಯೆ ನಿಜ ಹೇಳುತ್ತದೆ.

'ಓಸಿ ಎಡಿಷನ್' ಎಂದು ಬರೆದು ಕೆಲವೇ ಮೆಗಾಹರ್ಟ್ಸ್ ಹೆಚ್ಚು ಕೊಟ್ಟಿದ್ದಕ್ಕೆ ಎರಡು ಮೂರು ಸಾವಿರ ಹೆಚ್ಚು ಕೊಡುವ ಅಗತ್ಯವಿಲ್ಲ. ಆ ಹಣವನ್ನು ಒಳ್ಳೆಯ ಎಸ್‌ಎಂಪಿಎಸ್‌ಗೆ ಹಾಕಿ.

ಲೇನ್ ವಿಷಯದಲ್ಲಿ ಮಾತ್ರ ಹಳೆಯ ಕಂಪ್ಯೂಟರಿನವರು ಎಚ್ಚರವಾಗಿರಬೇಕು. ಸ್ಲಾಟ್ ನೋಡಲು ಉದ್ದ ಎಕ್ಸ್16 ಇರಬಹುದು, ಕಾರ್ಡಿನ ಒಳಗಿನ ಗೆರೆಗಳು ನಾಲ್ಕೇ ಇರಬಹುದು. ಆರ್‌ಎಕ್ಸ್ 6400 ಮತ್ತು 6500 ಎಕ್ಸ್‌ಟಿ ಇಂಥವು. 4.0 ಬೋರ್ಡಿನಲ್ಲಿ ನಾಲ್ಕು ಲೇನಿಗೆ ಸುಮಾರು 8 ಜಿಬಿ ವೇಗ ಸಿಗುತ್ತದೆ. ಇಂಟೆಲ್ ನಾಲ್ಕನೆಯಿಂದ ಹತ್ತನೆಯ ತಲೆಮಾರಿನವರೆಗಿನ 3.0 ಬೋರ್ಡಿನಲ್ಲಿ ಅದರ ಅರ್ಧ. ಜೊತೆಗೆ ಮೆಮೊರಿ ಬರೀ 4 ಜಿಬಿ, ಬೇಗ ತುಂಬುತ್ತದೆ, ತುಂಬಿದ ಮೇಲೆ ಈ ಕಿರಿದಾದ ದಾರಿಯೇ ಗತಿ. ಹಳೆಯ ಕಂಪ್ಯೂಟರಿಗೆ ಅಗ್ಗದ ಕಾರ್ಡ್ ಹುಡುಕುವವರೇ ಇದನ್ನು ಕೊಳ್ಳುವುದು, ಹಳೆಯ ಕಂಪ್ಯೂಟರಿನಲ್ಲೇ ಇದು ಸೋಲುವುದು. ಎಂಟು ಲೇನಿನ ಕಾರ್ಡುಗಳಿಗೆ 3.0 ಬೋರ್ಡಿನಲ್ಲಿ ಆಗುವ ನಷ್ಟ, ಮೆಮೊರಿ ತುಂಬದಿರುವವರೆಗೆ, ಅಲಕ್ಷಿಸಬಹುದಾದಷ್ಟು.

ಇಂಟೆಲ್ ಆರ್ಕ್ ಕಾರ್ಡುಗಳದ್ದು ಬೇರೆ ಷರತ್ತು. ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆದೊಡನೆ ಓಡುವ ಮೂಲ ತಂತ್ರಾಂಶ) ರೀಸೈಜಬಲ್ ಬಾರ್, ಅಂದರೆ ಕಾರ್ಡಿನ ಮೆಮೊರಿಯನ್ನೆಲ್ಲ ಪ್ರೊಸೆಸರ್ ಒಟ್ಟಿಗೆ ತಲುಪುವ ಸೌಲಭ್ಯ, ಆನ್ ಆಗಿರಬೇಕು. ಇಲ್ಲದಿದ್ದರೆ ಕಾಗದದ ಮೇಲಿನ 456 ನಿಮ್ಮ ಮನೆಯಲ್ಲಿ ಕಾಣುವುದಿಲ್ಲ. ಇಂಟೆಲ್ 10ನೆಯ ತಲೆಮಾರು ಮತ್ತು ಅದರ ನಂತರದ ಬೋರ್ಡುಗಳಲ್ಲಿ ಆ ಸೌಲಭ್ಯ ಸಿಗುತ್ತದೆ. ಅದಕ್ಕಿಂತ ಹಳೆಯದಿದ್ದರೆ ಬಿ580 ನಿಮ್ಮ ಪಟ್ಟಿಯಲ್ಲಿ ಬೇಡ.

ಯಾರಿಗೆ ಯಾವುದು

ಡಿಟಿಪಿ ಮಾಡುವವರಿಂದ ಶುರು ಮಾಡೋಣ, ಏಕೆಂದರೆ ಅವರಿಗೆ ಹೇಳಬೇಕಾದದ್ದು ಒಂದೇ ಸಾಲು. ನುಡಿ, ಕೋರೆಲ್‌ಡ್ರಾ, ಫೋಟೊಶಾಪ್‌ನಲ್ಲಿ ಲಗ್ನಪತ್ರಿಕೆ, ಬ್ಯಾನರ್ ಮಾಡುವ ಕಂಪ್ಯೂಟರ್ ನಿಧಾನವಾಗಿದ್ದರೆ ಹಣ ಹೋಗಬೇಕಾದದ್ದು ಎಸ್‌ಎಸ್‌ಡಿಗೆ ಮತ್ತು 16 ಜಿಬಿ ರ‍್ಯಾಮಿಗೆ. ಗ್ರಾಫಿಕ್ಸ್ ಕಾರ್ಡ್ ಹಾಕಿಸಿದರೆ ಹೆಚ್ಚೇನೂ ಬದಲಾಗದು.

ಮದುವೆ ವಿಡಿಯೊ ಮಾಡುವವರ ಲೆಕ್ಕ ಗೇಮಿನವರದಕ್ಕಿಂತ ಪೂರ್ತಿ ಬೇರೆ. ಅವರು ಮೊದಲು ನೋಡಬೇಕಾದದ್ದು ಕೋರ್ ಅಲ್ಲ, ವಿಡಿಯೊ ಫೈಲನ್ನು ಕಟ್ಟುವ ಎನ್‌ಕೋಡರ್ ಮತ್ತು ಬಿಚ್ಚುವ ಡಿಕೋಡರ್. ಜಿಟಿ 1030ರಲ್ಲಿ ವಿಡಿಯೊ ಎನ್‌ಕೋಡರೇ ಇಲ್ಲ, ಆರ್‌ಎಕ್ಸ್ 6400ರಲ್ಲೂ ಇಲ್ಲ. ಎಕ್ಸ್‌ಪೋರ್ಟ್ ಪೂರ್ತಿ ಪ್ರೊಸೆಸರಿನ ಮೇಲೆ ಬೀಳುತ್ತದೆ. ಕಾರ್ಡ್ ಇದ್ದೂ ಇಲ್ಲದಂತೆ. ಇನ್ನು ಕ್ಯಾಮೆರಾದ ವಿಷಯ. ಸೋನಿ ಎ7 4, ಎ7ಎಸ್ 3ರಂಥವುಗಳಲ್ಲಿ 4:2:2 10 ಬಿಟ್‌ನಲ್ಲಿ (ಬಣ್ಣದ ವಿವರ ಹೆಚ್ಚಿರುವ ಬಗೆ) ಚಿತ್ರೀಕರಿಸಿದ ಫೈಲು ಟೈಮ್‌ಲೈನಿನಲ್ಲಿ ತಡವರಿಸುತ್ತದೆ. ಆರ್‌ಟಿಎಕ್ಸ್ 30, 40 ಸರಣಿಯ ಡಿಕೋಡರಿಗೆ ಈ 4:2:2 ಬಗೆ ಗೊತ್ತಿಲ್ಲ. ಅದನ್ನು ಕಲಿತದ್ದು 50 ಸರಣಿ. ಆದರೆ ಇಂಟೆಲ್ 12ನೆಯ ತಲೆಮಾರಿನ ಪ್ರೊಸೆಸರಿನೊಳಗಿನ ಯುಎಚ್‌ಡಿ 730, 770 ಗ್ರಾಫಿಕ್ಸ್ ಎಚ್.265ರ 4:2:2 ಫೈಲುಗಳನ್ನು ಸಲೀಸಾಗಿ ಬಿಚ್ಚುತ್ತದೆ. ಆದ್ದರಿಂದ ಎಡಿಟಿಂಗ್ ಕಂಪ್ಯೂಟರಿಗೆ ಹೆಸರಿನ ಕೊನೆಗೆ 'ಎಫ್' ಇರುವ ಪ್ರೊಸೆಸರ್, ಉದಾಹರಣೆಗೆ ಐ5 12400ಎಫ್, ತೆಗೆದುಕೊಳ್ಳಬೇಡಿ. ಎಫ್ ಇದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲವೆಂದರ್ಥ. ಸಾವಿರ ಎರಡು ಸಾವಿರ ಉಳಿಸಲು ಹೋಗಿ ದಿನಾ ಪ್ರಾಕ್ಸಿ ಫೈಲ್ (ಎಡಿಟಿಂಗಿಗೆಂದು ಮಾಡುವ ಹಗುರ ಪ್ರತಿ) ಮಾಡುತ್ತ ಕೂರಬೇಕಾಗುತ್ತದೆ. ಕಾರ್ಡ್ ಹಾಕಿದ ಮೇಲೂ ಒಳಗಿನ ಗ್ರಾಫಿಕ್ಸ್ ಜೀವಂತ ಇರಬೇಕಾದರೆ ಬಯಾಸ್‌ನಲ್ಲಿ ಐಜಿಪಿಯು ಮಲ್ಟಿ ಮಾನಿಟರ್ ಅಥವಾ ಅದೇ ಅರ್ಥದ ಆಯ್ಕೆಯನ್ನು ಆನ್ ಮಾಡಿ.

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ, ಮಷೀನ್ ಶಾಪ್‌ಗಳಲ್ಲಿ ಆಟೊಕ್ಯಾಡ್, ಸಾಲಿಡ್‌ವರ್ಕ್ಸ್ ನಡೆಸುವವರಿಗೆ ಗೇಮಿಂಗ್ ಕಾರ್ಡಿನ ದೊಡ್ಡ ಸಂಖ್ಯೆಗಳಿಂದ ಲಾಭ ಕಡಿಮೆ. ಭಾಗಗಳನ್ನು ರಚಿಸುವ, ತಿದ್ದುವ ಕೆಲಸ ಬಹುಪಾಲು ಪ್ರೊಸೆಸರಿನ ಒಂದೇ ಕೋರಿನ ಮೇಲೆ ನಿಂತಿದೆ. ಕಾರ್ಡಿನಲ್ಲಿ ಬೇಕಾದದ್ದು ಸರ್ಟಿಫೈಡ್ ಡ್ರೈವರ್. ಅದು ಬರುವುದು ಟಿ400, ಟಿ1000, ಆರ್‌ಟಿಎಕ್ಸ್ ಎ2000ದಂಥ ವರ್ಕ್‌ಸ್ಟೇಷನ್ ಕಾರ್ಡುಗಳಿಗೆ. ಸಾಲಿಡ್‌ವರ್ಕ್ಸ್‌ನ ರಿಯಲ್‌ವ್ಯೂ ಆಯ್ಕೆ ಗೇಮಿಂಗ್ ಕಾರ್ಡಿನಲ್ಲಿ ಮಸುಕಾಗಿ ಕೂತಿರುವುದು ಇದೇ ಕಾರಣಕ್ಕೆ. ಸಣ್ಣ ಅಸೆಂಬ್ಲಿಗಳಿಗೆ ಟಿ1000 ಸಾಕು, 50 ವ್ಯಾಟಿನಲ್ಲಿ ಮುಗಿಯುತ್ತದೆ. ಈ ಕಾರ್ಡುಗಳ ಹಿಂದೆ ಇರುವುದು ಮಿನಿ ಡಿಸ್‌ಪ್ಲೇಪೋರ್ಟ್. ಪೆಟ್ಟಿಗೆಯಲ್ಲಿ ಪರಿವರ್ತಕ ಇದೆಯೇ ಎಂದು ಅಂಗಡಿಯಲ್ಲೇ ತೆರೆದು ನೋಡಿ.

ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿರಲಿ, ವಿಜಯಪುರದ ಬಿಎಲ್‌ಡಿಇ ಇರಲಿ, ಮಷೀನ್ ಲರ್ನಿಂಗ್ ಪ್ರಾಜೆಕ್ಟ್ ಹಿಡಿದ ವಿದ್ಯಾರ್ಥಿಗಳಿಗೆ ಎನ್‌ವಿಡಿಯಾ ಬಿಟ್ಟು ಬೇರೆ ಕಡೆ ನೋಡಬೇಡಿ ಎನ್ನುವುದೇ ಸರಿ. ಸಿಗುವ ಉದಾಹರಣೆ, ಲೈಬ್ರರಿಗಳು ಬಹುಪಾಲು ಎನ್‌ವಿಡಿಯಾದ್ದೇ ಆದ ಕುಡಾ ತಂತ್ರಾಂಶವನ್ನು ನಂಬಿಕೊಂಡಿವೆ. ಇಲ್ಲಿ ಮಾತ್ರ "ಎಷ್ಟ್ ಜಿಬಿದ್" ಎಂಬ ಪ್ರಶ್ನೆಯೇ ಮೊದಲು ಬರಬೇಕು. 700 ಕೋಟಿ ಪ್ಯಾರಾಮೀಟರುಗಳ ಭಾಷಾ ಮಾದರಿಗೆ 16 ಬಿಟ್‌ನಲ್ಲಿ 14 ಜಿಬಿ ಬೇಕು. 4 ಬಿಟ್‌ಗೆ ಇಳಿಸಿದರೆ 4ರಿಂದ 5 ಜಿಬಿಯಲ್ಲಿ ಕೂರುತ್ತದೆ. ವೇಗ ಕಡಿಮೆಯಿದ್ದರೆ ರಾತ್ರಿಯಿಡೀ ಓಡಲು ಬಿಡಬಹುದು, ಮೆಮೊರಿ ಸಾಲದಿದ್ದರೆ ಓಡುವುದೇ ಇಲ್ಲ. ಹಾಗಾಗಿ ಹಳೆಯದಾದರೂ 3060ರ 12 ಜಿಬಿ ಮಾದರಿ ಇವರಿಗೆ 5060ರ 8 ಜಿಬಿಗಿಂತ ಉಪಯುಕ್ತ.

ಗೇಮ್ ಒಂದೇ ಉದ್ದೇಶವಿದ್ದವರು ಮೊದಲು ಒಂದು ಪರೀಕ್ಷೆ ಮಾಡಲಿ. ಗೇಮ್ ಓಡುವಾಗ ಟಾಸ್ಕ್ ಮ್ಯಾನೇಜರಿನಲ್ಲಿ ಜಿಪಿಯು ಶೇಕಡ ಎಷ್ಟಿದೆ ನೋಡಿ. 95ರ ಮೇಲಿದ್ದು ಗೇಮ್ ತಡವರಿಸಿದರೆ ಕಾರ್ಡ್ ಬದಲಿಸಿದಾಗ ಫಲವಿದೆ. 60ರ ಆಸುಪಾಸಿನಲ್ಲಿದ್ದು ತಡವರಿಸಿದರೆ ಅಡಚಣೆ ಇರುವುದು ಪ್ರೊಸೆಸರಿನಲ್ಲಿ ಅಥವಾ ರ‍್ಯಾಮಿನಲ್ಲಿ. ವ್ಯಾಲರಂಟ್‌ನಂಥ ಗೇಮ್ ಪ್ರೊಸೆಸರನ್ನೇ ಹೆಚ್ಚು ತಿನ್ನುತ್ತದೆ. ಕಂಪನಿಗಳ ಜಾಹೀರಾತಿನ ಗ್ರಾಫಿನಲ್ಲಿ ಎರಡು ಪಟ್ಟು, ಮೂರು ಪಟ್ಟು ಎಂದಿದ್ದರೆ ಅಡಿಯ ಸಣ್ಣ ಸಾಲು ಓದಿ. ಫ್ರೇಮ್ ಜನರೇಷನ್ ಸೇರಿಸಿ ಎಣಿಸಿರುತ್ತಾರೆ. ನಡುವೆ ತುಂಬಿಸಿದ ಫ್ರೇಮ್‌ಗಳಿಂದ ಚಿತ್ರ ನಯವಾಗುತ್ತದೆ, ಮೌಸಿಗೆ ಸಿಗುವ ಸ್ಪಂದನ ಬೇಗವಾಗುವುದಿಲ್ಲ.

ಬೇಸಿಗೆ, ಧೂಳು, ಯುಪಿಎಸ್

ಬೆಂಗಳೂರಿನವರ ವಿಮರ್ಶೆಯಲ್ಲಿ ಕಾರ್ಡ್ 70 ಡಿಗ್ರಿ ಎಂದಿದ್ದರೆ ಅದು ಅವರ ಕೋಣೆಯ ಹವೆಯ ಲೆಕ್ಕ. ಕೋಣೆಯ ಬಿಸಿ ಏರಿದಷ್ಟೂ ಕಾರ್ಡಿನ ಬಿಸಿ ಹೆಚ್ಚು ಕಡಿಮೆ ಅಷ್ಟೇ ಏರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ದಾಟುವ ವಿಜಯಪುರ, ಬಾಗಲಕೋಟೆಯಲ್ಲಿ ಅದೇ ಕಾರ್ಡ್ 80ರ ಮೇಲೆ ಕೂರುತ್ತದೆ, 83ರ ಆಸುಪಾಸಿನಲ್ಲಿ ಅನೇಕ ಎನ್‌ವಿಡಿಯಾ ಕಾರ್ಡುಗಳು ತಾವಾಗಿಯೇ ವೇಗ ಇಳಿಸಿಕೊಳ್ಳುತ್ತವೆ. ಆದ್ದರಿಂದ 100 ವ್ಯಾಟಿಗಿಂತ ಮೇಲಿನ ಕಾರ್ಡಿನಲ್ಲಿ ಒಂದೇ ಫ್ಯಾನಿನ ಮಾದರಿ ನಮ್ಮ ಕಡೆಗೆ ಬೇಡ. ಎರಡು ಫ್ಯಾನಿನದ್ದು ಇರಲಿ, ಕ್ಯಾಬಿನೆಟ್ಟಿನ ಮುಂದೆ ಗಾಳಿ ಒಳಗೆಳೆಯುವ ಒಂದು 120 ಮಿ.ಮೀ. ಫ್ಯಾನ್, ಹಿಂದೆ ಹೊರಹಾಕುವ ಒಂದು. ಯರಿ ಮಣ್ಣಿನ ಧೂಳು ನುಣ್ಣಗಿರುತ್ತದೆ, ಹೀಟ್‌ಸಿಂಕಿನ ಸೀಳುಗಳಲ್ಲಿ ಮೆತ್ತಿಕೊಳ್ಳುತ್ತದೆ. ಮುಂದಿನ ಜಾಲರಿಯನ್ನು ತಿಂಗಳಿಗೊಮ್ಮೆ ತೊಳೆಯಿರಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ, ಗಾಳಿಗೆ ವಿಪರೀತ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಯುಪಿಎಸ್‌ಅನ್ನು ಬಹುತೇಕರು ಮರೆಯುತ್ತಾರೆ. ಮನೆಗಳಲ್ಲಿರುವ 600 ವಿಎ ಯುಪಿಎಸ್‌ನ ನಿಜವಾದ ಸಾಮರ್ಥ್ಯ ಸಾಮಾನ್ಯವಾಗಿ 360 ವ್ಯಾಟ್. ಲೆಕ್ಕ ಹಾಕೋಣ: 3060ಕ್ಕೆ 170, ಪ್ರೊಸೆಸರಿಗೆ 100, ಉಳಿದದ್ದಕ್ಕೆ 40, ಒಟ್ಟು 310. ಎಸ್‌ಎಂಪಿಎಸ್‌ನ ದಕ್ಷತೆ ಶೇ. 85 ಎಂದರೆ ಗೋಡೆಯಿಂದ ಎಳೆಯುವುದು ಸುಮಾರು 365, ಮಾನಿಟರಿನ 25 ಸೇರಿಸಿದರೆ 390. ಗೇಮ್ ನಡುವೆ ಕರೆಂಟು ಹೋದ ಕ್ಷಣ ಯುಪಿಎಸ್ ಕಿರುಚಿ ಆಫ್ ಆಗುತ್ತದೆ. ಅದೇ ಜಾಗದಲ್ಲಿ 115 ವ್ಯಾಟಿನ 4060 ಇದ್ದರೆ ಒಟ್ಟು 325, ಫೈಲ್ ಸೇವ್ ಮಾಡಿ ಬಂದ್ ಮಾಡುವಷ್ಟು ಸಮಯ ಸಿಗುತ್ತದೆ. 5060 ಸರಿಯಾಗಿ ಅಂಚಿನಲ್ಲಿದೆ. ಕರೆಂಟು ಹೋಗಿ ಬರುವ ಊರಿನಲ್ಲಿ ಪೆಟ್ಟಿಗೆಯ ಮೇಲಿನ ವ್ಯಾಟ್ ಸಂಖ್ಯೆ ಹೊಸ ಯುಪಿಎಸ್‌ನ ಖರ್ಚನ್ನೂ ಹೇಳುತ್ತದೆ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತಿದೆಯೇ? ಅರ್ಥಿಂಗ್ ಸರಿಯಿಲ್ಲ. ಅಂಥ ಮನೆಯಲ್ಲಿ ಕಂಪ್ಯೂಟರ್, ಟಿವಿ ಎರಡೂ ಆನ್ ಇದ್ದಾಗ ಎಚ್‌ಡಿಎಂಐ ಕೇಬಲ್ ಚುಚ್ಚಿದರೆ ಕಾರ್ಡಿನ ಪೋರ್ಟ್ ಸುಟ್ಟುಹೋಗಬಹುದು. ಮೊದಲು ಎಲೆಕ್ಟ್ರಿಷಿಯನ್ ಕರೆಸಿ, ಆಮೇಲೆ ಕಾರ್ಡ್.

ಸೆಕೆಂಡ್ ಹ್ಯಾಂಡ್ ಮತ್ತು ಬಿಲ್ಲು

ಆನ್‌ಲೈನಿನಲ್ಲಿ ಅತಿ ಅಗ್ಗಕ್ಕೆ ಬರುವ ಆರ್‌ಎಕ್ಸ್ 580ಗಳಲ್ಲಿ ಹಲವು '2048ಎಸ್‌ಪಿ' ಮಾದರಿಯವು. ನಿಜವಾದ 580ರಲ್ಲಿ 2304 ಸ್ಟ್ರೀಮ್ ಪ್ರೊಸೆಸರ್ ಇರುತ್ತವೆ. 6 ಜಿಬಿಯ 'ಆರ್‌ಟಿಎಕ್ಸ್ 3060ಎಂ' ಎಂದರೆ ಲ್ಯಾಪ್‌ಟಾಪಿನ ಚಿಪ್ಪನ್ನು ಡೆಸ್ಕ್‌ಟಾಪ್ ಬೋರ್ಡಿಗೆ ಬೆಸೆದದ್ದು, ಕಂಪನಿಯ ವಾರಂಟಿ ಅದಕ್ಕಿಲ್ಲ. ಹಳೆಯ ಜಿಟಿಎಸ್ 450ಯ ಬಯಾಸ್ ತಿದ್ದಿ ಜಿಟಿಎಕ್ಸ್ 1050 ಟಿಐ ಎಂದು ಮಾರಿದ್ದೂ ಉಂಟು. ಜಿಪಿಯು-ಜೆಡ್ ಎಂಬ ಉಚಿತ ತಂತ್ರಾಂಶ ಅಂಥ ಎನ್‌ವಿಡಿಯಾ ಕಾರ್ಡುಗಳ ಹೆಸರಿನ ಮುಂದೆ ಫೇಕ್ ಎಂದು ತೋರಿಸುತ್ತದೆ. ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿ. ಕೋರ್ ಸಂಖ್ಯೆ, ಮೆಮೊರಿ ಬಗೆ, ಬಸ್ ಬಿಟ್ ಮೂರನ್ನೂ ಮೇಲಿನ ಲೆಕ್ಕಕ್ಕೆ ತಾಳೆ ಹಾಕಿ. ನಂತರ ಅಲ್ಲೇ ಹದಿನೈದು ನಿಮಿಷ ಫರ್‌ಮಾರ್ಕ್ (ಕಾರ್ಡಿಗೆ ಪೂರ್ತಿ ಭಾರ ಹಾಕುವ ಪರೀಕ್ಷಾ ತಂತ್ರಾಂಶ) ಓಡಿಸಿ. ಪರದೆಯಲ್ಲಿ ಚುಕ್ಕಿ, ಚೌಕುಳಿ ಮೂಡಿದರೆ ಮೆಮೊರಿ ಹೋಗಿದೆ, ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಜಿಟಿಎಕ್ಸ್ 10 ಸರಣಿ ಕೊಳ್ಳುವವರು ಇನ್ನೊಂದು ನೆನಪಿಡಿ: 2025ರ ಅಕ್ಟೋಬರಿನಿಂದ ಅವಕ್ಕೆ ಹೊಸ ಗೇಮ್‌ಗಳ ಡ್ರೈವರ್ ನಿಂತಿದೆ, ಭದ್ರತಾ ಅಪ್‌ಡೇಟ್ ಮಾತ್ರ 2028ರ ಅಕ್ಟೋಬರಿನವರೆಗೆ.

ಹೊಸದಾದರೆ ಜಿಎಸ್‌ಟಿ ಬಿಲ್ಲಿನಲ್ಲಿ ಕಾರ್ಡಿನ ಸೀರಿಯಲ್ ನಂಬರ್ ಬರೆಸಿ. ಸರ್ವಿಸ್ ಸೆಂಟರ್ ಯಾವ ಊರಿನಲ್ಲಿದೆ, ಕೊರಿಯರ್ ಖರ್ಚು ಯಾರದು ಎಂದು ಕೊಳ್ಳುವ ಮೊದಲೇ ಕೇಳಿ. ಆನ್‌ಲೈನ್ ದರಕ್ಕೂ ಅಂಗಡಿಯ ದರಕ್ಕೂ ಸಾವಿರ ರೂಪಾಯಿಯಷ್ಟೇ ಅಂತರವಿದ್ದು, ಅಂಗಡಿಯವರೇ ವಾರಂಟಿಗೆ ಕಳಿಸಿ ತರಿಸಿಕೊಡುತ್ತಾರೆ ಎಂದಾದರೆ ಅಂಗಡಿಯೇ ಮೇಲು.

ಕೂರಿಸುವಾಗ

ಬೇರೆ ಕಂಪನಿಯ ಹಳೆಯ ಕಾರ್ಡ್ ಇದ್ದರೆ ಡಿಡಿಯು ತಂತ್ರಾಂಶದಿಂದ ಸೇಫ್ ಮೋಡಿನಲ್ಲಿ ಹಳೆಯ ಡ್ರೈವರ್ ತೆಗೆಯಿರಿ. ಸ್ವಿಚ್ ಆಫ್ ಮಾಡಿ, ವೈರ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ಚಾರ್ಜ್ ಇಳಿಸಿ. ಪ್ರೊಸೆಸರಿಗೆ ಹತ್ತಿರದ ಉದ್ದ ಸ್ಲಾಟಿನಲ್ಲಿ, ಲಾಚ್ ಟಕ್ ಎನ್ನುವವರೆಗೆ ಕಾರ್ಡನ್ನು ನೇರವಾಗಿ ಒತ್ತಿ, ಪಟ್ಟಿಯ ಸ್ಕ್ರೂ ಬಿಗಿಯಿರಿ. ಆಮೇಲೆ ಪವರ್ ಕೇಬಲ್.

ಆನ್ ಮಾಡಿದಾಗ ಪರದೆ ಕಪ್ಪಗಿದ್ದರೆ ಗಾಬರಿ ಬೇಡ. ಹೆಚ್ಚಿನ ಸಲ ಮಾನಿಟರ್ ಕೇಬಲ್ ಹಳೆಯ ಅಭ್ಯಾಸದಂತೆ ಮದರ್‌ಬೋರ್ಡಿನ ಪೋರ್ಟಿನಲ್ಲೇ ಇರುತ್ತದೆ; ಕಾರ್ಡಿನದಕ್ಕೆ ಬದಲಿಸಿ. ಅದಾದರೂ ಬಾರದಿದ್ದರೆ ಪವರ್ ಕೇಬಲ್ ಪೂರ್ತಿ ಕೂತಿದೆಯೇ ನೋಡಿ, ಕಾರ್ಡನ್ನು ತೆಗೆದು ಮತ್ತೆ ಕೂರಿಸಿ. ಇನ್ನೂ ಇಲ್ಲವೆಂದರೆ ಬಯಾಸ್ ಹಳೆಯ ಲೆಗಸಿ ಮೋಡಿನಲ್ಲಿರಬಹುದು. ಹೊಸ ಕಾರ್ಡುಗಳಿಗೆ ಯುಇಎಫ್‌ಐ ಎಂಬ ಹೊಸ ಮೋಡ್ ಬೇಕು. ಆದರೆ ಡಿಸ್ಕ್ ಎಂಬಿಆರ್ ಎಂಬ ಹಳೆಯ ವಿಂಗಡಣೆ ಪದ್ಧತಿಯದಿದ್ದಾಗ ಮೋಡ್ ಬದಲಿಸಿದರೆ ವಿಂಡೋಸ್ ಏಳುವುದಿಲ್ಲ. ಮೊದಲು ಡೇಟಾ ಬ್ಯಾಕಪ್ ಮಾಡಿ, ವಿಂಡೋಸ್‌ನಲ್ಲೇ ಇರುವ ಎಂಬಿಆರ್2ಜಿಪಿಟಿ ಸಲಕರಣೆಯಿಂದ ಡಿಸ್ಕ್ ಪರಿವರ್ತಿಸಿ, ಆಮೇಲೆ ಮೋಡ್ ಬದಲಿಸಿ.

ಡ್ರೈವರ್ ಹಾಕಿದ ಮೇಲೆ ಜಿಪಿಯು-ಜೆಡ್ ತೆರೆದು ಬಸ್ ಇಂಟರ್‌ಫೇಸ್ ಸಾಲು ನೋಡಿ. ಸುಮ್ಮನೆ ಇರುವಾಗ ಅಲ್ಲಿ 1.1 ಎಂದು ತೋರಿಸುವುದು ವಿದ್ಯುತ್ ಉಳಿತಾಯದ ಲಕ್ಷಣ. ಪಕ್ಕದ ಪ್ರಶ್ನೆ ಚಿಹ್ನೆ ಒತ್ತಿ ಪರೀಕ್ಷೆ ಓಡಿಸಿದರೆ ನಿಜವಾದ ಸಂಖ್ಯೆಗೆ ಏರಬೇಕು. ಹದಿನಾರು ಲೇನಿನ ಕಾರ್ಡ್ ಆಗಲೂ ಎಕ್ಸ್4 ಎಂದೇ ತೋರಿಸುತ್ತಿದ್ದರೆ ಕಾರ್ಡ್ ಕೆಳಗಿನ ಸ್ಲಾಟಿನಲ್ಲಿ ಕೂತಿದೆ, ಇಲ್ಲವೇ ಚಿನ್ನದ ಬಣ್ಣದ ಪಿನ್ನುಗಳ ಮೇಲೆ ಧೂಳಿದೆ. ತೆಗೆದು, ಒಣ ಬಟ್ಟೆಯಿಂದ ಒರೆಸಿ, ಮೇಲಿನ ಸ್ಲಾಟಿಗೆ ಹಾಕಿ.